ಕತ್ತರಿಯ ಅಧಿಕಾರ

ಹೊಲಿಗೆಯು ಸ್ತ್ರೀಯರ ಗೃಹಕೃತ್ಯವೆಂಬುದು ರೂಢಿಯ ಮಾತು. ಆದರೆ ಪ್ಯಾರಿಸ್ ನಗರದಲ್ಲಿ ಉಡುಪನ್ನು ಕತ್ತರಿಸಿ ಹೊಲಿದು ಮಾರುವ ಹಕ್ಕು ಬಹುಕಾಲ ದರ್ಜಿಗಳ ಶ್ರೇಣಿಗೇ ಮೀಸಲಾಗಿದ್ದಿತು. 1675ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯು ಹೊಲಿಗೆಯ ಹೆಂಗಸರಿಗೂ ಪ್ರತ್ಯೇಕ ಶ್ರೇಣಿಯನ್ನು ಅನುಗ್ರಹಿಸಿದನು. ಆದರೂ ಕತ್ತರಿಸುವ ವಿದ್ಯೆಯು ಬಹುಮಟ್ಟಿಗೆ ಕಸುಬಿನವರಲ್ಲಿಯೇ ಉಳಿಯಿತು. 1863ರಲ್ಲಿ ಅಮೆರಿಕದ ದರ್ಜಿ ಎಬೆನೆಜರ್ ಬಟರಿಕ್ಕನು ಅಳತೆವಾರು ಕಾಗದದ ನಮೂನೆಗಳನ್ನು ಮಾರತೊಡಗಲು, ಅದು ಸಾಮಾನ್ಯರ ಮನೆಗಳನ್ನೂ ಪ್ರವೇಶಿಸಿತು.

ಕೊಂಡ ನಮೂನೆಯನ್ನೂ ಬಿಟ್ಟು ತಾನೇ ನಕ್ಷೆ ಬರೆದುಕೊಳ್ಳುವ ಗೃಹಿಣಿಯು ಇನ್ನೂ ಸ್ವತಂತ್ರಳು. ಇಳಿಬಿದ್ದ ನೆರಿಗೆಯ ಲಂಗಕ್ಕಾಗಿ ಆಕೆಯು ತನ್ನ ಅಳತೆಯ ಕಾಗದವನ್ನು ನೆರಿಗೆ ಬೇಕಾದೆಡೆ ಸೀಳಿ ಅಗಲಿಸುವಳು; ಆ ತೆರಪಿನಷ್ಟು ಹೆಚ್ಚಿದ ಬಟ್ಟೆಯೇ ಸೊಂಟದಲ್ಲಿ ಮಡಿಕೆಯಾಗಿ ಕೂಡಿ ಕೆಳಗೆ ಇಳಿಬೀಳುವುದು. ಅರಸನ ಅಪ್ಪಣೆಯಿಂದ ದೊರೆತ ಹಕ್ಕಿಗಿಂತ ಕೈಗೆ ಹತ್ತಿದ ಈ ವಿದ್ಯೆಯೇ ದೊಡ್ಡದು.