‘ರಿಸರ್ವ್’ ಧಾತುವೂ ಸಾಂಬ್ರಾಣಿಯ ಕಾಡೂ

ಪರಭಾಷೆಯ ಶಬ್ದವೊಂದು ನಾಡಿನ ಆಡಳಿತದೊಳಗೆ ಬಂದು ನೆಲೆಸಿದಾಗ ಅದರ ಅರ್ಥವನ್ನು ನಿಘಂಟಿನಲ್ಲಿ ಮಾತ್ರ ಅರಸಿದರೆ ಸಾಲದು. ಅದರಿಂದ ಯಾರ ಬಾಳು ಹೇಗೆ ಬದಲಾಯಿತೆಂಬುದನ್ನೂ ನೋಡಬೇಕಾಗುತ್ತದೆ. ಇಂಗ್ಲಿಷಿನ ‘ರಿಸರ್ವ್’ ಎಂಬ ಕ್ರಿಯಾಪದವು ಅಂಥದೊಂದು ಶಬ್ದ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲೂಕಿನ ಸಾಂಬ್ರಾಣಿ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು ಅದರ ಅರ್ಥಭೇದಗಳನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ಧಾತುವಿನ ಮೂಲ ಲ್ಯಾಟಿನ್. ‘ಸೆರ್ವಾರೆ’ ಎಂದರೆ ಕಾಯುವುದು, ಉಳಿಸುವುದು; ‘ರೆ’ ಎಂಬ ಉಪಸರ್ಗ ಸೇರಿದಾಗ ಹಿಂದಕ್ಕೆ ಉಳಿಸಿಕೊಳ್ಳುವುದು ಎಂದಾಯಿತು. ಫ್ರೆಂಚಿನ ಮೂಲಕ ೧೪ನೆಯ ಶತಮಾನದಲ್ಲಿ ಇದು ಇಂಗ್ಲಿಷಿಗೆ ಬಂದಿತು. ಅಲ್ಲಿ ಇದಕ್ಕೆ ಮುಖ್ಯವಾಗಿ ಮೂರು ಅರ್ಥಗಳುಂಟು: ತನಗಾಗಿ ಉಳಿಸಿಕೊಳ್ಳುವುದು, ಮತ್ತೊಬ್ಬರಿಗಾಗಿ ತೆಗೆದಿಡುವುದು, ಮುಂದಿನ ಕಾಲಕ್ಕೆ ತಡೆದಿಡುವುದು. ಕನ್ನಡವು ಇವನ್ನು ಒಂದೇ ಶಬ್ದದಲ್ಲಿ ಅಡಕಗೊಳಿಸಲಿಲ್ಲ. ಬಸ್ಸಿನ ಆಸನವನ್ನೂ ನ್ಯಾಯಾಲಯದ ತೀರ್ಪನ್ನೂ ‘ಕಾಯ್ದಿರಿಸು’ತ್ತೇವೆ, ಕಾಡು ‘ಮೀಸಲು’, ಉದ್ಯೋಗದಲ್ಲಿ ‘ಮೀಸಲಾತಿ’, ಹುಲಿಯ ಕಾಡು ಮಾತ್ರ ‘ಸಂರಕ್ಷಿತ’.

ಇವುಗಳಲ್ಲಿ ‘ಮೀಸಲು’ ಎಂಬುದು ಅಚ್ಚಗನ್ನಡದ ಹಳೆಯ ಮಾತು. ಮೀಸಲು ಮುಡಿ, ಮೀಸಲು ಹಾಲು ಎಂಬ ಪ್ರಯೋಗಗಳಲ್ಲಿ ದೇವರಿಗೆಂದು ತೆಗೆದಿಟ್ಟದ್ದು, ಅನ್ಯರು ಮುಟ್ಟದೆ ಶುದ್ಧವಾಗಿ ಉಳಿದದ್ದು ಎಂಬ ಭಾವವಿದೆ. ಈ ಶಬ್ದವು ಚತುರ್ಥೀ ವಿಭಕ್ತಿಯನ್ನು ಬಯಸುತ್ತದೆ. ಮೀಸಲು ಎಂದೊಡನೆ ‘ಯಾರಿಗೆ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಆಂಗ್ಲರ ಶಾಸನವು ಈ ಪ್ರಶ್ನೆಗೆ ಎಡೆಗೊಡಲಿಲ್ಲ. ಉತ್ತರ ಕನ್ನಡವು ೧೮೬೨ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಬಳಿಕ ಬಂದ ೧೮೭೮ರ ಭಾರತೀಯ ಅರಣ್ಯ ಕಾಯಿದೆಯು ಕಾಡುಗಳನ್ನು ‘ರಿಸರ್ವ್ಡ್’, ‘ಪ್ರೊಟೆಕ್ಟೆಡ್’ ಮತ್ತು ಗ್ರಾಮಾರಣ್ಯ ಎಂದು ಮೂರಾಗಿ ವಿಂಗಡಿಸಿತು. ಮೊದಲನೆಯದು ಕರ್ಮಣಿ ರೂಪದ ವಿಶೇಷಣ; ಕಾದಿಟ್ಟವರು ಯಾರು, ಯಾರಿಗಾಗಿ ಎಂಬುದನ್ನು ಅದು ಹೇಳುವುದಿಲ್ಲ. ಪ್ರಕಟಣೆಯಾದ ಮೇಲೆ ಹಕ್ಕು ಹೇಳಿಕೊಳ್ಳುವವರು ಗೊತ್ತುಪಡಿಸಿದ ಅವಧಿಯೊಳಗೆ ಅಧಿಕಾರಿಯ ಮುಂದೆ ಹೇಳಿಕೊಳ್ಳಬೇಕಾಗಿತ್ತು. ಈ ಅವಧಿ ಮೂರು ತಿಂಗಳಿಗೆ ಕಡಿಮೆಯಿರಬಾರದೆಂದಷ್ಟೇ ವಿಧಿಯಿತ್ತು. ತಕ್ಕ ಕಾರಣವಿಲ್ಲದೆ ಸುಮ್ಮನಿದ್ದವರ ಹಕ್ಕು ಅಳಿದುಹೋಗುತ್ತಿತ್ತು. ಓದುಬರಹವಿಲ್ಲದ ಕಾಡಿನ ಜನಕ್ಕೆ ಇಂಥ ಪ್ರಕಟಣೆ ಎಷ್ಟರಮಟ್ಟಿಗೆ ತಿಳಿದೀತೆಂಬುದನ್ನು ಊಹಿಸಬಹುದು. ೧೯೨೭ರ ಕಾಯಿದೆಯಲ್ಲಿ ಕಾಡು ಕಡಿದು ಸುಟ್ಟು ಬಿತ್ತುವ ಬೇಸಾಯವನ್ನು, ಅಂದರೆ ಈ ಸೀಮೆಯ ಕುಮರಿಯನ್ನು, ಹಕ್ಕೆಂದಲ್ಲ, ಸರಕಾರವು ನಿರ್ಬಂಧಿಸಲೂ ರದ್ದುಪಡಿಸಲೂ ಬಹುದಾದ ಸವಲತ್ತೆಂದು ಪರಿಗಣಿಸಲಾಯಿತು. ಇಲ್ಲಿ ಧಾತುವಿನ ಮೊದಲನೆಯ ಅರ್ಥವೇ, ಅಂದರೆ ತನಗಾಗಿ ಉಳಿಸಿಕೊಳ್ಳುವುದೇ, ಪ್ರಧಾನವಾಯಿತೆಂಬುದು ಸ್ಪಷ್ಟ.

ಅದೇ ಧಾತು ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದಲ್ಲಿ ಎರಡನೆಯ ಅರ್ಥವನ್ನು ತಳೆಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗಾಗಿ ಸ್ಥಾನಗಳನ್ನು ಮೀಸಲಿಡತಕ್ಕದ್ದೆಂಬ ವಿಧಿಯಲ್ಲಿ ಚತುರ್ಥಿಯು ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ನೆಲೆಸಿರುವ ಆಫ್ರಿಕಾ ಮೂಲದ ಸಿದ್ದಿ ಜನರು ಮಾತ್ರ ಅದರೊಳಗೆ ಸೇರಿದ್ದು ೨೦೦೩ರಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಆ ವರ್ಷ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರ್ಪಡೆಯಾದರು. ಹೀಗೆ ಒಂದೇ ಸೀಮೆಯಲ್ಲಿ, ಒಂದೇ ಧಾತುವಿನಿಂದ, ಕಾಡು ಜನರ ಕೈಬಿಟ್ಟಿತು. ಶಾಲೆ ಮತ್ತು ಉದ್ಯೋಗಗಳ ಬಾಗಿಲು ತೆರೆಯಿತು.

೨೦೦೬ರ ಅರಣ್ಯ ಹಕ್ಕು ಕಾಯಿದೆಯು ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿತು. ೨೦೦೫ರ ಡಿಸೆಂಬರ್ ೧೩ಕ್ಕೆ ಮುಂಚಿನಿಂದ ಕಾಡಿನಲ್ಲಿರುವ ಪರಿಶಿಷ್ಟ ಪಂಗಡದವರ ಹಕ್ಕನ್ನು ಅದು ಮನ್ನಿಸುತ್ತದೆ. ಆ ಪಟ್ಟಿಯಲ್ಲಿಲ್ಲದ ಪಾರಂಪರಿಕ ವನವಾಸಿಗಳಾದರೋ ೭೫ ವರ್ಷಗಳ ವಾಸ್ತವ್ಯವನ್ನು ರುಜುವಾತುಪಡಿಸಬೇಕು. ಹಕ್ಕು ಅಳಿಯುವುದಕ್ಕೆ ಕೆಲವು ತಿಂಗಳ ಮೌನ ಸಾಕಾಗಿತ್ತು. ಅದನ್ನು ಮರಳಿ ಪಡೆಯುವುದಕ್ಕೆ ಮೂರು ತಲೆಮಾರುಗಳ ಸಾಕ್ಷ್ಯ ಬೇಕಾಯಿತು.

ಮೇಲಿನ ವಿವೇಚನೆಯಿಂದ ಒಂದು ಮಾತು ತಿಳಿದುಬರುತ್ತದೆ. ‘ಮೀಸಲು ಅರಣ್ಯ’ ಎಂದು ಭಾಷಾಂತರಿಸಿದವರು ಯೋಗ್ಯವಾದ ಶಬ್ದವನ್ನೇ ಆರಿಸಿದರು. ಆದರೆ ಅದರ ವಿಭಕ್ತಿಯನ್ನು ಕೈಬಿಟ್ಟರು. ಸಾಂಬ್ರಾಣಿಯ ಹೆಸರಿನ ಅರಣ್ಯವಲಯ ಇಂದಿಗೂ ಇದೆ. ಅಲ್ಲಿನ ಕಾಡು ಮೀಸಲು ಎಂದಾಗ, ಯಾರಿಗೆ ಎಂದು ಕೇಳುವುದು ಕನ್ನಡ ವ್ಯಾಕರಣಕ್ಕೆ ಸಹಜವಾದ ಪ್ರಶ್ನೆ. ಇತಿಹಾಸಕಾರನೂ ಅದನ್ನು ಕೇಳಬೇಕಾಗಿದೆ.