ನೆಲೆ ತಪ್ಪಿದ ಕಲ್ಲುಗಳು

ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿಗೆ ಹೋದ ಭಕ್ತರು ವೈದ್ಯೇಶ್ವರನ ದರ್ಶನ ಮಾಡಿ, ಮರಳ ದಿಣ್ಣೆಗಳನ್ನು ಕಂಡು ಹಿಂದಿರುಗುವುದು ವಾಡಿಕೆ. ಸಮೀಪದಲ್ಲೇ ಇರುವ ಕೀರ್ತಿನಾರಾಯಣ ದೇವಾಲಯದ ಗೋಡೆಗಳ ಮುಂದೆ ಅರೆಗಳಿಗೆ ನಿಲ್ಲುವವರು ವಿರಳ. ಚೋಳರಿಂದ ತಲಕಾಡನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಈ ಗುಡಿ ಶಿಥಿಲವಾದಾಗ, ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಈ ಶತಮಾನದ ಆರಂಭದ ದಶಕಗಳಲ್ಲಿ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ಮತ್ತೆ ಕಟ್ಟಿ ನಿಲ್ಲಿಸಿದರು. ಬಿಚ್ಚಿದ ಕಲ್ಲು ತನ್ನ ಮನೆಗೇ ಮರಳಿತು. ಎಲ್ಲ ಕಲ್ಲುಗಳಿಗೂ ಆ ಭಾಗ್ಯವಿಲ್ಲ.

ಮೈಸೂರು ಅರಮನೆಯ ಕೋಟೆಯೊಳಗಿನ ಶ್ವೇತವರಾಹಸ್ವಾಮಿ ದೇವಾಲಯದ ಮಾತು ಬೇರೆ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ದಿವಾನ್ ಪೂರ್ಣಯ್ಯನವರು ಇದನ್ನು ಕಟ್ಟಿಸಿದಾಗ, ಶಿವಮೊಗ್ಗ ಸೀಮೆಯ ಹೊಯ್ಸಳ ಕಟ್ಟಡವೊಂದರ ಶಿಲೆಗಳನ್ನು ತರಿಸಿ ಬಳಸಿದರು. ಕಲ್ಲಿಗೆ ಹೊಸ ಮನೆ ದೊರಕಿತು, ಪೂಜೆಯೂ ದೊರಕಿತು. ಆದರೆ ಅಲ್ಲಿನ ಕೆತ್ತನೆಯನ್ನು ಮೆಚ್ಚುವ ಯಾತ್ರಿಕನಿಗೆ ಅದರ ತವರೂರಿನ ನೆನಪೇ ಇರುವುದಿಲ್ಲ.

ನಮ್ಮ ಕಾಲದಲ್ಲಿ ಮೂರನೆಯ ಮಾರ್ಗವೊಂದು ತೆರೆದಿದೆ. ಅದು ಹಳೆಯ ಕಲ್ಲನ್ನೇ ಬಯಲಿನಲ್ಲಿ ಹೊಸ ಶಿಲ್ಪವಾಗಿ ನಿಲ್ಲಿಸುವುದು. 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಕಲಾವಿದೆ ಶೀಲಾ ಗೌಡ ಅವರು ಕ್ರಿಸ್ಟೋಫ್ ಸ್ಟೋರ್ಜ್ ಅವರೊಡನೆ, 2012ರ ಮೊದಲನೆಯ ಕೊಚ್ಚಿ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ ಹಳೆಯ ಮನೆಗಳಿಂದ ಹೊರಬಿದ್ದ ಸುಮಾರು 170 ಒರಳುಕಲ್ಲುಗಳನ್ನು ಕೂಡಿಸಿಟ್ಟರು. ಒರಳೆಂದರೆ ಬರಿಯ ಪಾತ್ರೆಯಲ್ಲ. ಅಡುಗೆಮನೆಯ ನೆಲದಲ್ಲಿ ಹೂತು, ಗೋಡೆ ಕಂಬಗಳಂತೆ ಮನೆಯ ಅಂಗವೇ ಆಗಿದ್ದ ಕಲ್ಲು. ಮದುವೆಯ ಮನೆಯಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಂಡ ಕಲ್ಲು. ಮಿಕ್ಸಿ ಬಂದ ಮೇಲೆ ಒಡೆಯಲು ಕೈಬಾರದೆ, ಇಟ್ಟುಕೊಳ್ಳಲು ಜಾಗವಿಲ್ಲದೆ ಎಷ್ಟೋ ಮನೆಯವರು ಅದನ್ನು ಬೀದಿಯ ಅಂಚಿಗೆ ಸರಿಸಿದರು. (ನಮ್ಮ ಮನೆಯ ಒರಳೂ ಹಿತ್ತಲು ಸೇರಿ, ಈಗ ಹಕ್ಕಿಗಳಿಗೆ ನೀರುಣಿಸುತ್ತಿದೆ.) ಪ್ರದರ್ಶನ ನಡೆದ ಆಸ್ಪಿನ್‌ವಾಲ್ ಭವನ ಒಂದು ಕಾಲಕ್ಕೆ ಮೆಣಸು, ಸಂಬಾರ ಪದಾರ್ಥಗಳ ವ್ಯಾಪಾರದ ಉಗ್ರಾಣ. ಸಂಬಾರ ಅರೆದ ಕಲ್ಲುಗಳು ಸಂಬಾರದ ರೇವಿಗೇ ಬಂದು ನಿಂತುದರ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರಳಲು ಮನೆಯೇ ಉಳಿಯದ ಒರಳಿಗೆ ಇದು ಸಲ್ಲುವ ಗೌರವವೆಂದು ನನ್ನ ಭಾವನೆ. ಇದನ್ನೇ ನೆಪಮಾಡಿಕೊಂಡು ಹಳ್ಳಿಯ ವೀರಗಲ್ಲನ್ನೋ ಮುಕ್ಕಾದ ನಂದಿಯನ್ನೋ ತೋಟದ ಅಲಂಕಾರಕ್ಕೆ ಒಯ್ಯುವುದನ್ನು ಮಾತ್ರ ಒಪ್ಪಲಾಗದು. 1972ರ ಪ್ರಾಚ್ಯವಸ್ತು ಕಾಯಿದೆಯು ನೂರು ವರ್ಷ ಮೀರಿದ ಶಿಲ್ಪವನ್ನು ಪ್ರಾಚ್ಯವಸ್ತುವೆಂದೇ ಎಣಿಸುತ್ತದೆ. ಕಾಯಿದೆಗಿಂತ ಮೊದಲು ಊರಿನವರ ನೆನಪು ಬೇಕು. ನಂಜನಗೂಡು, ನರಸೀಪುರ ಸೀಮೆಯ ಕೆರೆಯೇರಿಗಳಲ್ಲಿ, ಅರಳಿಕಟ್ಟೆಗಳಲ್ಲಿ ಒರಗಿರುವ ಕಲ್ಲುಗಳು ಎಲ್ಲಿದ್ದವು, ಯಾರು ಯಾವಾಗ ಅಲ್ಲಿಗೆ ತಂದರು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಮಠದ ಶಾಲೆಗಳಲ್ಲಿ ಓದಿ ಊರಿನಲ್ಲೇ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಅವರ ಬಳಿ ಕುಳಿತು, ಕೇಳಿ, ಒಂದು ನೋಟುಪುಸ್ತಕದಲ್ಲಿ ಬರೆದಿಡಲು ಒಂದೆರಡು ಸಂಜೆಗಳು ಸಾಕು.