ಸರ್ವಜ್ಞನನ್ನು ಹುಡುಕಿದ ಪಾದ್ರಿ

ಅಪ್ಪ ತೀರಿಕೊಂಡಾಗ ನಾವೆಲ್ಲ ಧಾರವಾಡಕ್ಕೆ ಹೋಗಿದ್ದೆವು. ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗ ಸಭಾಪಾಲಕರು ನನ್ನ ಮಗನ ಕೈಗೆ ಕನ್ನಡ ಬೈಬಲ್ ಕೊಟ್ಟು, "ಮೊಮ್ಮಗ ಒಂದು ಕೀರ್ತನೆ ಓದಲಿ" ಅಂದರು. ಅವನು ಪುಟ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬರುವುದಿಲ್ಲ. ನಾನೇ ಪುಸ್ತಕ ಇಸಕೊಂಡು ಓದಿದೆ. ಯಾರೂ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮಾರನೇ ದಿನ ಅಜ್ಜನ ಟ್ರಂಕು ತೆಗೆದೆವು. ಅಜ್ಜ ಮಿಷನ್ ಶಾಲೆಯಲ್ಲಿ ಕನ್ನಡ ಮಾಸ್ತರರಾಗಿದ್ದವರು. ಅದರಲ್ಲಿ ಎರಡು ಹಳೇ ಪುಸ್ತಕ. ಒಂದು ಬೈಬಲ್, ಮೊದಲ ಪುಟದಲ್ಲಿ ನಮ್ಮ ಮನೆತನದ ಹುಟ್ಟು-ಸಾವುಗಳ ಪಟ್ಟಿ. ಇನ್ನೊಂದು ಸರ್ವಜ್ಞನ ವಚನಗಳು. "ಇದು ಇಲ್ಲಿ ಹ್ಯಾಗೆ ಬಂತು ಪಪ್ಪಾ?" ಅಂತ ಮಗ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಮೂವತ್ತು ವರ್ಷದಿಂದ ಈ ಊರಿನಲ್ಲಿ ಬ್ಯಾಂಕ್ ನೌಕರಿ ಮಾಡುತ್ತಿದ್ದೇನೆ. ನನ್ನ ಹೆಸರು ಕೇಳಿದವರೆಲ್ಲ "ನೀವು ಗೋವಾದವರಾ?" ಅನ್ನುತ್ತಾರೆ. ಅಲ್ಲ, ಕನ್ನಡದವನು ಅಂದರೆ, "ಹಾಗಾದ್ರೆ ಮನೆಯಲ್ಲಿ ಇಂಗ್ಲಿಷಾ?" ಇದು ಕುಹಕದ ಪ್ರಶ್ನೆಯಲ್ಲ, ಗೊತ್ತಿಲ್ಲದೆ ಕೇಳುವುದು. ಆದರೆ ನಮ್ಮ ಕನ್ನಡಿಗರೂ ಕೆಲವೊಮ್ಮೆ ಹಾಗೆಯೇ ಕೇಳಿದಾಗ ಸ್ವಲ್ಪ ಬೇಜಾರಾಗುತ್ತದೆ.

ನಮ್ಮ ಕಡೆಗೆ ಈ ಮತ ಹೊರಗಿನಿಂದ ಬಂತು, ಅದನ್ನು ಮುಚ್ಚಿಡುವುದೇನೂ ಇಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಬಂದದ್ದು ಮತಪ್ರಚಾರಕ್ಕೆ. ಪ್ರಚಾರಕ್ಕೆ ಭಾಷೆ ಬೇಕು, ಭಾಷೆಗೆ ಅಚ್ಚು ಬೇಕು. ಹಾಗಾಗಿ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದ. ಅದೇ ಕನ್ನಡದ ಮೊದಲ ಪತ್ರಿಕೆ. ಇದೇ ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನೂ ಅಚ್ಚು ಮಾಡಿಸಿದ. ಹರಿದಾಸರ ಹಾಡು ಪಾದ್ರಿಯ ಮುದ್ರಣದಲ್ಲಿ! ಕಿಟೆಲ್ ಸಾಹೇಬರ ನಿಘಂಟು ಎಲ್ಲರಿಗೂ ಗೊತ್ತು. 1894ರದ್ದು, ಸುಮಾರು 70,000 ಶಬ್ದಗಳು.

ಆದರೆ ಮತ ಬದಲಿಸಿದವರ ಪಾಡು ಸುಲಭದ್ದಾಗಿರಲಿಲ್ಲ. ಮನೆ ಬಿಡಬೇಕು, ಜಾತಿ ಬಿಡಬೇಕು, ಕಸುಬೂ ಕೈತಪ್ಪಿ ಹೋಗುತ್ತಿತ್ತು. ಮಿಷನ್ ನೇಯ್ಗೆ ಕಾರ್ಖಾನೆ ತೆಗೆದದ್ದು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆಗೆದದ್ದು ಇವರ ಹೊಟ್ಟೆಪಾಡಿಗೆ. ಒಳ್ಳೆಯದೇ. ಆದರೆ ದುಡಿಮೆ, ಶಾಲೆ, ಗುಡಿ ಎಲ್ಲವೂ ಒಂದೇ ಕಾಂಪೌಂಡಿನೊಳಗೆ ಆಗಿಬಿಟ್ಟರೆ ಹೊರಗಿನ ಊರು ದೂರವಾಗುತ್ತದೆ. ನಮ್ಮ ಹಿರಿಯರಲ್ಲಿ ಕೆಲವರು ಜಾನಪದ, ವಚನ, ಪುರಾಣ ಎಲ್ಲವನ್ನೂ "ಅದು ಅವರದು" ಅಂತ ಬದಿಗಿಟ್ಟದ್ದುಂಟು. ಇದು ನಮ್ಮ ಕಡೆಯ ನಷ್ಟ, ನಾವೇ ಒಪ್ಪಿಕೊಳ್ಳಬೇಕು.

1914ರಲ್ಲಿ ಮಹಾಯುದ್ಧ ಶುರುವಾಯಿತು. ಬ್ರಿಟಿಷ್ ಸರ್ಕಾರಕ್ಕೆ ಜರ್ಮನ್ ಪಾದ್ರಿಗಳು ಶತ್ರುದೇಶದವರಾದರು. ಅವರನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಕಳಿಸಿದರು. ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಸಾಹೇಬರು ಹೋದರು, ನಮ್ಮವರು ಉಳಿದರು. ಇನ್ನು ಮುಂದೆ ನಾವು ಯಾರು ಅನ್ನುವ ಪ್ರಶ್ನೆಗೆ ನಮ್ಮವರೇ ಉತ್ತರ ಹೇಳಬೇಕಾಯಿತು.

ಆ ಉತ್ತರಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರೆವರೆಂಡ್ ಉತ್ತಂಗಿ ಚನ್ನಪ್ಪನವರದು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಪಾದ್ರಿ. ಸರ್ವಜ್ಞನ ತ್ರಿಪದಿಗಳು ಆಗ ಹೆಚ್ಚಾಗಿ ಜನರ ಬಾಯಲ್ಲಿದ್ದವು, ಅಲ್ಲೊಂದು ಇಲ್ಲೊಂದು ಹಸ್ತಪ್ರತಿಯಲ್ಲಿದ್ದವು. ಉತ್ತಂಗಿಯವರು ಅವನ್ನು ವರ್ಷಗಟ್ಟಲೆ ಕೂಡಿಹಾಕಿ, ಪಾಠ ನೋಡಿ, ವಿಂಗಡಿಸಿ, ಸುಮಾರು 2,000 ವಚನಗಳ ಸಂಗ್ರಹವನ್ನು 1924ರಲ್ಲಿ ಹೊರತಂದರು. ಇವತ್ತು ನಾವು ಮಾತಿಗೊಮ್ಮೆ ಸರ್ವಜ್ಞನ ಹೆಸರು ಹೇಳುತ್ತೇವಲ್ಲ, ಅದರ ಹಿಂದೆ ಈ ಪಾದ್ರಿಯ ಬೆವರಿದೆ. ಶರಣರ ವಚನಗಳ ಮೇಲೂ ಕೆಲಸ ಮಾಡಿದರು. 'ಅನುಭವ ಮಂಟಪದ ಐತಿಹಾಸಿಕತೆ' ಅವರದೇ ಪುಸ್ತಕ.

ಇದಕ್ಕಾಗಿ ಅವರು ತಮ್ಮ ನಂಬಿಕೆ ಬಿಡಲಿಲ್ಲ, ಪಾದ್ರಿಯಾಗಿಯೇ ಉಳಿದರು. ತಮ್ಮ ನಂಬಿಕೆಗಾಗಿ ಕನ್ನಡದ ಗಂಟನ್ನೂ ಬಿಡಲಿಲ್ಲ. ಲೆಕ್ಕದ ಮನುಷ್ಯನಾದ ನನಗೆ ಹೀಗನ್ನಿಸುತ್ತದೆ: ಒಂದು ಖಾತೆಗೆ ಜಮಾ ಆದರೆ ಇನ್ನೊಂದಕ್ಕೆ ಖರ್ಚು ಬೀಳಲೇಬೇಕು ಅನ್ನುವ ನಿಯಮ ಬ್ಯಾಂಕಿಗೆ ಸರಿ, ಮನಸ್ಸಿಗಲ್ಲ.

ಕನ್ನಡಿಗರು ಅವರನ್ನು "ನಮ್ಮವರಲ್ಲ" ಅಂದರೇ? ಇಲ್ಲ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಆ ವರ್ಷ, ಆ ಊರು ಅನ್ನುವುದನ್ನು ಗಮನಿಸಿ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಅದರ ಹಿಂದೆ ರಜಾಕಾರರ ಹಾವಳಿ, ಆಮೇಲೂ ರಕ್ತಪಾತ, ಮತದ ಹೆಸರಿನಲ್ಲಿ ಎರಡೂ ಕಡೆ ಸಾವುನೋವು. ಅಂಥ ಗಾಯ ಇನ್ನೂ ಹಸಿಯಾಗಿದ್ದ ನಾಡಿನಲ್ಲಿ, ಕನ್ನಡ ಸಭೆಯ ಮುಖ್ಯ ಕುರ್ಚಿಯಲ್ಲಿ ಒಬ್ಬ ಕ್ರೈಸ್ತ ಪಾದ್ರಿ. 1956ರ ಏಕೀಕರಣವನ್ನೂ ಕಂಡು, 1962ರಲ್ಲಿ ತೀರಿಕೊಂಡರು.

ಇಷ್ಟು ಹೇಳಿದ ಮೇಲೆ ಮಗ ಒಂದೇ ಮಾತು ಕೇಳಿದ: "ಮತ್ತೆ ನನಗ್ಯಾಕೆ ಓದೋದು ಕಲಿಸಲಿಲ್ಲ?"

ಉತ್ತರ ಇರಲಿಲ್ಲ. ಟ್ರಾನ್ಸ್‌ಫರ್, ಲೋಕಲ್ ಟ್ರೈನು, ಟ್ಯೂಷನ್ನು... ಎಲ್ಲ ನೆಪ. ಜರ್ಮನಿಯಿಂದ ಬಂದವರು ಕಲಿತರು, ನನ್ನ ಮನೆಯಲ್ಲಿ ಹುಟ್ಟಿದವನು ಕಲಿಯಲಿಲ್ಲ. ಬೇರೆಯವರು "ಮನೆಯಲ್ಲಿ ಇಂಗ್ಲಿಷಾ?" ಅಂದಾಗ ಬೇಜಾರಾಗುವ ಹಕ್ಕು ನನಗೆ ಎಷ್ಟಿದೆಯೋ!

ಎರಡೂ ಪುಸ್ತಕ ಈಗ ನಮ್ಮ ಮುಂಬಯಿ ಫ್ಲಾಟಿನಲ್ಲಿವೆ. ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ ಅರ್ಧ ಗಂಟೆ ಕೂರುತ್ತೇವೆ. ಕೀರ್ತನೆ ಉದ್ದವಾಗುತ್ತದೆ, ತ್ರಿಪದಿ ಮೂರೇ ಸಾಲು, ಆದ್ದರಿಂದ ಅಲ್ಲಿಂದಲೇ ಶುರು ಮಾಡಿದ್ದೇವೆ. ಇಪ್ಪತ್ತಾರು ವರ್ಷದ ಹುಡುಗ ಬೆರಳಿಟ್ಟು ಓದುತ್ತಾನೆ. ಕೊನೆಯಲ್ಲಿ 'ಸರ್ವಜ್ಞ' ಬಂದಾಗ ಆ 'ಜ್ಞ'ದ ಹತ್ತಿರ ಪ್ರತಿಸಲ ನಿಲ್ಲುತ್ತಾನೆ. ನಾನು ಹೇಳಿಕೊಡುವುದಿಲ್ಲ, ಕಾಯುತ್ತೇನೆ.

ನಿಮ್ಮ ಮನೆಯಲ್ಲಿ ಹೇಗೆ? ಮಕ್ಕಳು ಓದುತ್ತಾರಾ?